ಬೀಗ ಮುರಿಯದೆ ವಿದೇಶಕ್ಕೆ ಹೋದ ಕಾರ್ಡಿನ ಬಾಬ್ತು

ನಾನು, ಬೀದಿಯವರ ಬಾಯಲ್ಲಿ ಬೀಗದ ಮಾವ, ವಯಸ್ಸು ಶಾಲೆಯ ದಾಖಲೆಯಂತೆ ಐವತ್ತಾರು, ನನ್ನ ತಾಯಿಯ ಲೆಕ್ಕದಂತೆ ಐವತ್ತೆಂಟು, ವಿದ್ಯಾಭ್ಯಾಸ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಪಾಸು, ಕಸುಬು ಬೀಗ ಮಾಡುವುದು, ರಿಪೇರಿ ಮಾಡುವುದು ಮತ್ತು ಕೀಲಿಕೈ ಕಳೆದುಕೊಂಡವರ ಬಾಗಿಲು ತೆರೆದುಕೊಡುವುದು (ಮನೆಯವರು ಎದುರಿಗಿದ್ದರೆ ಮಾತ್ರ), ವಾಸ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿ, ಸ್ವಂತ ಅಂಗಡಿಯ ಮೇಲಿನ ಮಹಡಿ, ಈ ದಿನ ಮಧ್ಯಾಹ್ನ ಮೂರು ಗಂಟೆಗೆ ಠಾಣೆಯ ಅದೇ ಕುರ್ಚಿಯ ಮೇಲೆ ಎರಡನೆಯ ಸಲ ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ಇದೇ ದಿನ ಹನ್ನೆರಡು ಗಂಟೆಗೆ ಇದೇ ಠಾಣೆಯಲ್ಲಿ ನಾನು ಒಂದು ಹೇಳಿಕೆ ಕೊಟ್ಟಿದ್ದೇನೆ. ನನ್ನ ಹೆಂಡತಿಯ ಹೆಸರಿನ ಕ್ರೆಡಿಟ್ ಕಾರ್ಡನ್ನು ಯಾರೋ ಕದ್ದು ವಿದೇಶದಲ್ಲಿ ಬಳಸುತ್ತಿದ್ದಾರೆ, ಆ ಕಾರ್ಡು ಯಾರ ಹತ್ತಿರ ಸಿಕ್ಕಿದರೂ ಅವರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದು ನಿಲ್ಲಿಸಬೇಕು, ಎಷ್ಟು ಅತ್ತರೂ ಬಿಡಬಾರದು ಎಂದು ಅದರಲ್ಲಿ ಬರೆಸಿದ್ದೇನೆ. ಸದರಿ ಕಾರ್ಡು ಈಗ ಯಾರ ಹತ್ತಿರ ಇದೆಯೋ ಅವರು ನಾಳೆ ಬೆಳಿಗ್ಗೆ ಒಂಬತ್ತು ಗಂಟೆಯ ವಿಮಾನದಲ್ಲಿ ಬಂದು ಇಳಿಯುತ್ತಾರೆ. ಅವರನ್ನು ಯಾರೂ ತಡೆಯಬಾರದು. ತಡೆದರೆ ನನ್ನ ಕಥೆ ಮುಗಿಯಿತು. ಅದಕ್ಕಾಗಿ ಈ ಎರಡನೆಯ ಹೇಳಿಕೆ. ಮೊದಲ ಹೇಳಿಕೆಯಲ್ಲಿ ನನ್ನ ಬೀಗದ ಬಗ್ಗೆ ಬರೆಸಿದ್ದೆಲ್ಲ ಈಗಲೂ ನಿಜ. ಕಳ್ಳರ ಬಗ್ಗೆ ಬರೆಸಿದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಮ್ಮ ಅಂಗಡಿ ಒಂದು, ಭಾಗ ಎರಡು. ಎಡಕ್ಕೆ ನನ್ನ ಬೀಗದ ಮೇಜು, ಬಲಕ್ಕೆ ಹೆಂಡತಿಯ ಇಸ್ತ್ರಿ ಮೇಜು. ಊರಿನಲ್ಲಿ ಬೇರೆ ಬೀಗದವರು ಕರೆಂಟು ಯಂತ್ರ ಇಟ್ಟುಕೊಂಡು ಕ್ಷಣಕ್ಕೊಂದು ಕೀಲಿಕೈ ಕೊರೆಯುತ್ತಾರೆ. ನಾನು ಅರದಿಂದ ಉಜ್ಜಿ ಕೈಯಲ್ಲೇ ಮಾಡುತ್ತೇನೆ. ನನ್ನ ಮೇಜಿನ ಮೇಲಿನ ಗೋಡೆಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯೊಂದು ಇದೆ. ಅದರಲ್ಲಿ ಯಾರೂ ತಾರೀಖು ನೋಡುವುದಿಲ್ಲ. ಕೈಚಕ್ರ ತಿರುಗಿಸಿ ಕೀಲಿಕೈ ಕೊರೆಯುವ ಹಸಿರು ಬಣ್ಣದ ಚಿಕ್ಕ ಯಂತ್ರದ ಚಿತ್ರ ಅದರಲ್ಲಿದೆ. ಅಂಥ ಯಂತ್ರವನ್ನು ಈಗ ಯಾರೂ ತಯಾರಿಸುವುದಿಲ್ಲ. ಅದು ಬೇಕಾಗಿರುವುದು ಕೈ ಪಳಗದವರಿಗೆ, ನನಗೇಕೆ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಆ ಹಾಳೆಯ ಮೇಲೆ ಧೂಳು ಕೂತರೆ ಒರೆಸುವವನೂ ನಾನೇ.

ಕಾರ್ಡಿನ ವಿಷಯ. ಎರಡು ವರ್ಷದ ಹಿಂದೆ ಬಸ್ ನಿಲ್ದಾಣದ ಮುಂದೆ ಬ್ಯಾಂಕಿನವರು ಮೇಜು ಹಾಕಿ ಕುಳಿತಿದ್ದಾಗ, ನನ್ನ ಮುಖ ನೋಡಿದೊಡನೆ ಇವರು ನಂಬಿಕಸ್ಥರು ಎಂದು ಗುರುತಿಸಿ ಅವರು ನನಗೆ ಕಾರ್ಡು ಕೊಟ್ಟರು. ಅದರಲ್ಲಿ ನಾನು ಫ್ರಿಜ್ಜು ತಂದೆ. ತಿಂಗಳ ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದು ಎಲ್ಲರಿಗೂ, ಚಿಕ್ಕದು ಮರ್ಯಾದಸ್ಥ ಗಿರಾಕಿಗಳಿಗೆ ಎಂದು ನಾನು ತಿಳಿದೆ. ಚಿಕ್ಕದನ್ನೇ ಕಟ್ಟಿಕೊಂಡು ಬಂದೆ. ಪಕ್ಕದ ಟೀ ಅಂಗಡಿಯವನಿಗೂ ಹೀಗೇ ಮಾಡು ಎಂದು ಬುದ್ಧಿ ಹೇಳಿದೆ. ಏಳನೆಯ ತಿಂಗಳು ನನ್ನ ಹೆಂಡತಿ ಇಸ್ತ್ರಿ ಪೆಟ್ಟಿಗೆ ಕಾಯುವ ತನಕ ಬಿಲ್ಲಿನ ಹಿಂಬದಿ ಓದಿದಳು. ಚಿಕ್ಕ ಮೊತ್ತ ಕಟ್ಟಿದರೆ ದಂಡ ತಪ್ಪುತ್ತದೆ ಅಷ್ಟೇ, ಉಳಿದದ್ದಕ್ಕೆಲ್ಲ ಬಡ್ಡಿ ನಡೆಯುತ್ತಲೇ ಇರುತ್ತದೆ, ಬಾಕಿ ತೀರುವವರೆಗೆ ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ ಎಂದು ಅವಳು ತಿಳಿಸಿದಳು. ಒಳಗೆ ತರಕಾರಿ ತಣ್ಣಗಿದೆ, ಹೊರಗೆ ಬಡ್ಡಿ ಬೇಯುತ್ತಿದೆ ಎಂದೂ ಹೇಳಿದಳು. ಮಾರನೆಯ ದಿನ ಇಸ್ತ್ರಿ ದುಡ್ಡಿನಲ್ಲಿ ಬಾಕಿಯನ್ನು ಪೂರ್ತಿ ಕಟ್ಟಿ ಬಂದಳು. ಅಷ್ಟಕ್ಕೇ ಬಿಡದೆ, ಬಿಲ್ಲು ಕಟ್ಟುವವಳು ತಾನಾದ ಮೇಲೆ ತನ್ನ ಹೆಸರಿನ ಕಾರ್ಡೂ ಒಂದು ಇರಲಿ ಎಂದು ನನ್ನ ಖಾತೆಯ ಮೇಲೆಯೇ ಎರಡನೆಯ ಕಾರ್ಡು ಮಾಡಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಬಿಲ್ಲು ಬಂದರೆ ಗಡುವಿನೊಳಗೆ ಪೂರ್ತಿ ಕಟ್ಟುವುದು, ಕಟ್ಟಲಾಗದಿದ್ದರೆ ಕೊಳ್ಳದಿರುವುದು. ಈ ಪದ್ಧತಿಯನ್ನು ನಾನೇ ಜಾರಿಗೆ ತಂದೆ ಎಂದು ಟೀ ಅಂಗಡಿಯಲ್ಲಿ ಹೇಳಿದ್ದುಂಟು.

ನನ್ನ ಕಾರ್ಡು ಯಾವಾಗಲೂ ನನ್ನ ಅಂಗಿ ಜೇಬಿನಲ್ಲಿರುತ್ತದೆ. ಹೆಂಡತಿಯ ಕಾರ್ಡನ್ನು ನಾನು ಭದ್ರತೆಯ ದೃಷ್ಟಿಯಿಂದ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ನಾನೇ ಮಾಡಿದ ಬೀಗ ಹಾಕಿದೆ. ಸದರಿ ಬೀಗಕ್ಕೆ ಕೀಲಿಕೈಯನ್ನು ಎರಡು ಸುತ್ತು ಬಲಕ್ಕೆ ತಿರುಗಿಸಿ ಅರ್ಧ ಸುತ್ತು ಹಿಂದಕ್ಕೆ ತರಬೇಕು. ಇಂಥ ಬೀಗ ಈ ಊರಿನಲ್ಲಿ ಇನ್ನೊಂದಿಲ್ಲ, ಪಕ್ಕದ ಊರಿನಲ್ಲೂ ಇಲ್ಲ. ಕೀಲಿಕೈ ನನ್ನ ಕೊರಳಿನ ದಾರದಲ್ಲಿದೆ. ಪ್ರತಿದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಕಾರ್ಡು ಕಟಕಟ ಎನ್ನುತ್ತದೆ. ತೆರೆದು ನೋಡುವುದಿಲ್ಲ. ಬೀಗ ಗಟ್ಟಿಯಿರುವಾಗ ತೆರೆದು ನೋಡುವುದು ಬೀಗಕ್ಕೆ ಮಾಡುವ ಅವಮಾನ.

ನನ್ನ ಅಕ್ಕನ ಮಗಳು ವಿದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಕಳೆದ ತಿಂಗಳು ಅವಳು ಅತ್ತೆ ಎರಡು ವಾರ ಬಂದು ಹೋಗಲಿ ಎಂದು ವಿಮಾನದ ಟಿಕೆಟ್ಟು ಕಳಿಸಿದಳು. ನನಗೆ ಯಾಕೆ ಕಳಿಸಲಿಲ್ಲ ಎಂದು ಕೇಳಿದ್ದಕ್ಕೆ, ಮಾವ ಬಂದರೆ ತನ್ನ ಕಟ್ಟಡದ ಬೀಗಗಳನ್ನೆಲ್ಲ ಬಿಚ್ಚಿ ನೋಡುತ್ತಾರೆ, ತನ್ನನ್ನು ಮನೆ ಬಿಡಿಸುತ್ತಾರೆ ಎಂದು ಹೇಳಿದಳು. ಇದು ಮೆಚ್ಚುಗೆಯ ಮಾತು ಎಂದೇ ನಾನು ತೆಗೆದುಕೊಂಡಿದ್ದೇನೆ.

ಅದೇ ವಾರ ಟೀ ಅಂಗಡಿಯಲ್ಲಿ ನನ್ನ ಕಾರ್ಡು ವಿದೇಶದಲ್ಲಿ ನಡೆಯುತ್ತದೆಯೇ ಎಂದು ಯಾರೋ ಕೆಣಕಿದರು. ನಾನು ಫೋನಿನಲ್ಲಿ ಬ್ಯಾಂಕಿನ ಆ್ಯಪು ತೆರೆದು, ವಿದೇಶ ಬಳಕೆ ಎಂಬ ಜಾಗದಲ್ಲಿ ಎರಡೂ ಕಾರ್ಡುಗಳ ಗುಂಡಿ ಜಾರಿಸಿ ಹಸಿರು ಮಾಡಿ ಎಲ್ಲರಿಗೂ ತೋರಿಸಿದೆ. ಇಂದಿನಿಂದ ಭೂಮಂಡಲವೆಲ್ಲ ನಮ್ಮದೇ ಎಂದೆ. ಟೀ ತೆಗೆದುಕೊಂಡು ಹೋಗಲು ಬಂದಿದ್ದ ಹೆಂಡತಿ ನನ್ನ ಹಿಂದೆ ನಿಂತು ನೋಡಿದ್ದಳು. ಗುಂಡಿಯನ್ನು ಹಿಂದಕ್ಕೆ ಜಾರಿಸಲು ನಾನು ಮರೆತೆ.

ಈ ತಿಂಗಳ ನಾಲ್ಕರಂದು ನಾನು ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ಅಲ್ಲಿಯ ನೋಟು ಒಂದಿಷ್ಟು ಬದಲಾಯಿಸಿ ಕೊಟ್ಟೆ. ಕಾರ್ಡು ಬೇಕೇನು ಎಂದು ಬಾಯಿ ಮಾತಿಗೆ ಕೇಳಿದೆ. ತನಗೇಕೆ, ಪೆಟ್ಟಿಗೆಯಲ್ಲೇ ಭದ್ರವಾಗಿರಲಿ ಎಂದಳು. ಆ ಬೀಗ ಹೆಣ್ಣುಮಕ್ಕಳ ಕೈಗೆ ಬಗ್ಗುವಂಥದ್ದೂ ಅಲ್ಲ ಎಂದು ನಾನು ಹೇಳಿದೆ. ಅವಳು ನಕ್ಕಳು. ಆಮೇಲೆ ಗಾಜಿನ ಆಚೆ ತಪಾಸಣೆಯ ಸಾಲಿನಲ್ಲಿ ಅವಳನ್ನು ತಡೆದದ್ದನ್ನು ನಾನು ಈಚೆಯಿಂದ ನೋಡಿದೆ. ಅವಳ ಸೊಂಟದ ಕೀಲಿಕೈ ಗೊಂಚಲಿಗೆ ಯಂತ್ರ ಕೂಗಿಕೊಂಡಿತ್ತು. ಮೂವತ್ತಕ್ಕೂ ಹೆಚ್ಚು ಕೈಗಳು, ಎಲ್ಲ ನಾನು ಮಾಡಿದವು. ಆ ಅಧಿಕಾರಿ ಇಷ್ಟೊಂದು ಕೀಲಿಕೈ ವಿದೇಶಕ್ಕೆ ಯಾಕೆ ಎಂದು ಕೇಳಿದ್ದಕ್ಕೆ, ಇವು ಗಂಡ ಮಾಡಿದ್ದು, ಬಿಟ್ಟು ಹೋಗಿ ಅಭ್ಯಾಸವಿಲ್ಲ ಎಂದು ಅವಳು ಹೇಳಿದಳಂತೆ. ಇದನ್ನು ಅವಳು ಫೋನಿನಲ್ಲಿ ತಿಳಿಸಿದಾಗ ನಾನು ಬೀದಿಗೆಲ್ಲ ಹೇಳಿದೆ. ಅದನ್ನು ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ.

ಈ ದಿನ ಬೆಳಿಗ್ಗೆ ಎಂದಿನಂತೆ ಪೆಟ್ಟಿಗೆ ಅಲ್ಲಾಡಿಸಿದೆ. ಕಟಕಟ ಎಂದಿತು. ಅಂಗಡಿ ತೆರೆದೆ. ಏಳು ನಲವತ್ತಕ್ಕೆ ಫೋನಿಗೆ ಬ್ಯಾಂಕಿನ ಮೆಸೇಜು ಬಂತು. ಇಂಗ್ಲಿಷಿನಲ್ಲಿದ್ದದ್ದರಿಂದ ಟೀ ಅಂಗಡಿಯವನಿಂದ ಓದಿಸಿದೆ. ನನ್ನ ಹೆಂಡತಿಯ ಹೆಸರಿನ ಕಾರ್ಡಿನಿಂದ ವಿದೇಶದಲ್ಲಿ ರೈಲಿನವರಿಗೆ ದುಡ್ಡು ಹೋಗಿದೆ ಎಂದಿತ್ತು. ಮೊತ್ತ ನಮ್ಮ ದುಡ್ಡಿನ ಲೆಕ್ಕದಲ್ಲಿತ್ತು. ಇಂಥ ಮೋಸದ ಮೆಸೇಜುಗಳು ಬರುತ್ತಲೇ ಇರುತ್ತವೆ ಎಂದು ನಾನು ನಕ್ಕೆ. ಪೆಟ್ಟಿಗೆ ತಂದು ಅವನ ಕಿವಿಯ ಹತ್ತಿರವೂ ಅಲ್ಲಾಡಿಸಿ ತೋರಿಸಿದೆ.

ಹನ್ನೊಂದು ಹತ್ತಕ್ಕೆ ಎರಡನೆಯ ಮೆಸೇಜು. ಈ ಸಲ ಒಂದು ಬ್ಯಾಗಿನ ಅಂಗಡಿಗೆ, ಮೊತ್ತ ಅಲ್ಲಿಯ ದುಡ್ಡಿನಲ್ಲಿ. ಆಗ ನಾನು ಪೆಟ್ಟಿಗೆಯ ಬೀಗ ತೆಗೆದೆ. ಒಳಗೆ ಕಾರ್ಡು ಇರಲಿಲ್ಲ. ಅದರ ಬದಲಿಗೆ ಬೆರಳುದ್ದದ ಒಂದು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ, ಹೊಸ ಅಂಗಿಯ ಕಾಲರಿನೊಳಗೆ ಇಡುತ್ತಾರಲ್ಲ, ಅದು ಇತ್ತು. ಬೀಗದ ಮೇಲೆ ಒಂದು ಗೀರೂ ಇರಲಿಲ್ಲ.

ಟೀ ಅಂಗಡಿಯವನು, ಅತ್ತಿಗೆ ಹೋಗಿರುವುದೂ ಅದೇ ದೇಶಕ್ಕಲ್ಲವೇ ಎಂದು ಮೆಲ್ಲಗೆ ಕೇಳಿದ. ಆ ದೇಶದಲ್ಲಿ ಕಳ್ಳರೇ ಇಲ್ಲವೇ ಎಂದು ನಾನು ರೇಗಿದೆ. ನನ್ನ ಕೊರಳಿನಲ್ಲಿ ಕೀಲಿಕೈ ಇರುವಾಗ, ಸ್ಕ್ರೂ ಯಾವುದು ಮೊಳೆ ಯಾವುದು ಎಂದು ತಿಳಿಯದ ನನ್ನ ಹೆಂಡತಿ ಆ ಬೀಗ ತೆರೆಯಲು ಸಾಧ್ಯವೇ, ಹೀಗೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತೆಗೆಯಬೇಕಾದರೆ ಜಗತ್ತಿನಲ್ಲೇ ಒಬ್ಬನೋ ಇಬ್ಬರೋ ಇದ್ದಾರು ಎಂದು ಹೇಳಿದೆ. ಹೆಂಡತಿಗೆ ಫೋನ್ ಮಾಡಿ ಕೇಳಬಹುದಲ್ಲ ಎಂದು ಅವನು ಅಂದ. ಕೇಳಬಹುದಿತ್ತು. ಆದರೆ ನನ್ನ ಬೀಗ ಸೋತಿತು ಎಂದು ನನ್ನ ಬಾಯಿಂದ ಅವಳಿಗೆ ಹೇಳುವುದಕ್ಕಿಂತ ಪೊಲೀಸರಿಗೆ ಹೇಳುವುದು ನನಗೆ ಸುಲಭವೆನಿಸಿತು.

ಹನ್ನೊಂದು ಇಪ್ಪತ್ತೈದಕ್ಕೆ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಎರಡು ದಾರಿ ಹೇಳಿದಳು. ಕಾರ್ಡನ್ನು ಶಾಶ್ವತವಾಗಿ ರದ್ದು ಮಾಡಬಹುದು, ಮಾಡಿದರೆ ಅದು ಮತ್ತೆ ಜೀವ ಪಡೆಯುವುದಿಲ್ಲ. ಇಲ್ಲವೇ ತಾತ್ಕಾಲಿಕವಾಗಿ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು. ಕಳುವಾದರೆ ರದ್ದು ಮಾಡುವುದೇ ಒಳ್ಳೆಯದು ಎಂದು ಸಲಹೆ ಕೊಟ್ಟಳು. ನಾನು ಈ ಕಸುಬಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು, ಮುರಿಯುವುದು ಕಲಿಯದವರ ಕೆಲಸ, ನೀನು ಬೀಗ ಹಾಕಮ್ಮ ಸಾಕು ಎಂದೆ. ಅವಳು ಹಾಕಿದಳು. ಈ ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆಯಬೇಕೆಂದು ಕೇಳಿಕೊಂಡೆ. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಮೇಡಂ ಎಲ್ಲ ಅಕ್ಷರವೂ ಒಂದೇ ದಪ್ಪ ಎಂದರು.

ಹನ್ನೆರಡು ಗಂಟೆಗೆ ಪೆಟ್ಟಿಗೆ ಸಮೇತ ಠಾಣೆಗೆ ಬಂದು ಮೊದಲ ಹೇಳಿಕೆ ಬರೆಸಿದೆ. ಅದರಲ್ಲಿ ಕಳ್ಳರು ಇಬ್ಬರು ಎಂದೆ, ಏಕೆಂದರೆ ಒಂದು ಮೆಸೇಜು ನಮ್ಮ ದುಡ್ಡಿನಲ್ಲಿ, ಇನ್ನೊಂದು ಅವರ ದುಡ್ಡಿನಲ್ಲಿ. ಒಬ್ಬ ನಮ್ಮವನು, ಒಬ್ಬ ಅಲ್ಲಿಯವನು. ಕಾಲರ್ ಪಟ್ಟಿ ಸಿಕ್ಕಿದ್ದರಿಂದ ಅವರು ಹೊಸ ಅಂಗಿ ತೊಡುವ ಸ್ಥಿತಿವಂತರು ಎಂದೆ. ಬ್ಯಾಗು ಕೊಂಡದ್ದು ಕದ್ದ ಮಾಲು ತುಂಬಲು ಎಂದೆ. ಸಾಹೇಬರು ಒಳಗಿನ ಕೋಣೆಯಿಂದ ಎದ್ದು ಬಂದು ಪೆಟ್ಟಿಗೆ ನೋಡಿ, ಬೀಗ ಚೆನ್ನಾಗಿದೆ ಎಂದರು. ಇದಕ್ಕೆ ಠಾಣೆಯಲ್ಲಿದ್ದ ಎಲ್ಲರೂ ಸಾಕ್ಷಿ.

ಸಹಿ ಮಾಡಿದ ಮೇಲೆ ಹೆಡ್ ಕಾನ್‌ಸ್ಟೇಬಲ್ ಮೇಡಂ ಕಾಲರ್ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ನಿಮ್ಮ ಮನೆಯಲ್ಲಿ ಇಸ್ತ್ರಿ ಯಾರು ಮಾಡುತ್ತಾರೆ ಎಂದು ಕೇಳಿದರು. ಹೆಂಡತಿ ಎಂದೆ. ಇಂಥ ಪಟ್ಟಿಗಳು ಅಂಗಡಿಯಲ್ಲಿ ಇರುತ್ತವೆಯೇ ಎಂದರು. ಡಬ್ಬದ ತುಂಬ ಇವೆ, ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೆ. ಈ ಬೀಗಕ್ಕೆ ಮಾಡಿದ್ದು ಒಂದೇ ಕೈಯೋ ಎಂದು ಕೇಳಿದರು. ನಾನು ಯಾವ ಬೀಗಕ್ಕೂ ಒಂದೇ ಕೈ ಮಾಡುವುದಿಲ್ಲ, ಎರಡು ಮಾಡುತ್ತೇನೆ, ಅದು ಕಸುಬಿನ ಧರ್ಮ ಎಂದು ಎದೆಯುಬ್ಬಿಸಿ ಹೇಳಿದೆ. ಎರಡನೆಯದು ಎಲ್ಲಿ ಎಂದರು.

ಇಲ್ಲಿ ನಾನು ಸ್ವಲ್ಪ ನೀರು ಕುಡಿದೆ. ಮದುವೆಯಾದ ವಾರದಿಂದ, ಮನೆಗೆಂದು ನಾನು ಮಾಡಿದ ಪ್ರತಿ ಬೀಗದ ಎರಡನೆಯ ಕೈಯನ್ನು ಹೆಂಡತಿಯ ಗೊಂಚಲಿಗೆ ಹಾಕುತ್ತ ಬಂದಿದ್ದೇನೆ. ಯೋಚಿಸಿ ಹಾಕುವುದಲ್ಲ. ಊಟವಾದ ಮೇಲೆ ಕೈ ತೊಳೆದ ಹಾಗೆ, ತೊಳೆದದ್ದು ಯಾರಿಗೆ ನೆನಪಿರುತ್ತದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯನ್ನು ಮೇಡಂ ಹೇಳಲು ಹೊರಟರು. ಹೇಳುವುದು ಬೇಡ ಎಂದು ನಾನೇ ಕೇಳಿಕೊಂಡೆ.

ಅಷ್ಟರಲ್ಲಿ, ಹನ್ನೆರಡು ಐವತ್ತಕ್ಕೆ, ಅಕ್ಕನ ಮಗಳ ನಂಬರಿನಿಂದ ನನಗೆ ಫೋನ್ ಬಂತು. ನಾನು ತೆಗೆಯಲಿಲ್ಲ. ಮತ್ತೆ ಬಂತು. ಮೂರನೆಯ ಸಲ ಮೇಡಂ ಫೋನನ್ನು ತಾವೇ ತೆಗೆದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

ಹೆಂಡತಿಯ ದನಿ. ಅಲ್ಲಿ ಆಗ ಸಂಜೆ ನಾಲ್ಕು ಇಪ್ಪತ್ತು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಸುತ್ತಿದ್ದೇನೆ.

“ರೀ, ಮೊದಲು ಬಯ್ಯಬೇಡಿ. ಪೆಟ್ಟಿಗೇಲಿದ್ದ ಕಾರ್ಡು ನನ್ನ ಹತ್ರ ಇದೆ. ಬೆಳಿಗ್ಗೆಯಿಂದ ಚೆನ್ನಾಗೇ ನಡೀತಿತ್ತು, ಈಗ ಎರಡು ಸಲ ಆಗಲ್ಲ ಅಂತಿದೆ. ಬ್ಯಾಂಕಿನೋರು ಏನಾದ್ರೂ ಅಂದ್ರಾ?”

ನಾನು, ಎಲ್ಲಿದ್ದೀಯ ಎಂದು ಕೇಳಿದೆ. ರೈಲಿನಲ್ಲಿ ಬೇರೆ ಊರಿಗೆ ಬಂದಿದ್ದೇವೆ, ಒಂದು ಅಂಗಡಿಯಲ್ಲಿದ್ದೇವೆ ಎಂದಳು. ಏನು ಅಂಗಡಿ ಎಂದೆ. ಅದು ಊರಿಗೆ ಬಂದ ಮೇಲೆ ಹೇಳುತ್ತೇನೆ ಎಂದಳು. ಹೆಡ್ ಕಾನ್‌ಸ್ಟೇಬಲ್ ಮೇಡಂ ಮಧ್ಯೆ ಬಾಯಿ ಹಾಕಿ, ತಾವು ಯಾರು, ಇದು ಯಾವ ಠಾಣೆ, ಎದುರಿಗೆ ನಿಮ್ಮ ಯಜಮಾನರು ಯಾಕೆ ಕುಳಿತಿದ್ದಾರೆ ಎಂದು ವಿವರಿಸಿದರು. ಆ ಕಡೆಯಿಂದ ಹೆಂಡತಿಯೂ ಅಕ್ಕನ ಮಗಳೂ ಒಟ್ಟಿಗೆ ನಗುವುದು ಕೇಳಿಸಿತು. ಬಹಳ ಹೊತ್ತು ನಕ್ಕರು. ಸಾಹೇಬರ ಕೋಣೆಯಿಂದಲೂ ನಗು ಕೇಳಿತು.

ಆಮೇಲೆ ಹೆಂಡತಿ ವಿಷಯ ಹೇಳಿದಳು. ಅದು ಒಬ್ಬ ವಯಸ್ಸಾದ ಬೀಗದವನ ಅಂಗಡಿ. ಅವನು ಇಂದು ಅಂಗಡಿ ಮುಚ್ಚಿ ಸಾಮಾನೆಲ್ಲ ಮಾರುತ್ತಿದ್ದಾನೆ. ಅವನ ಮೇಜಿನ ಮೇಲೆ ಹಸಿರು ಬಣ್ಣದ ಕೈಚಕ್ರದ ಯಂತ್ರ ಇದೆ. ಅಕ್ಕನ ಮಗಳು ಫೋನಿನಲ್ಲಿ ಹುಡುಕಿ ಹುಡುಕಿ ಪತ್ತೆ ಮಾಡಿದ್ದಾಳೆ. ಕ್ಯಾಲೆಂಡರಿನ ಹಾಳೆಯ ಫೋಟೋವನ್ನು ಹೆಂಡತಿ ಹೊರಡುವ ಮೊದಲೇ ಅವಳಿಗೆ ಕಳಿಸಿದ್ದಳಂತೆ.

“ಒಂಬತ್ತು ಕೇಜಿ ಅಷ್ಟೇ ರೀ. ಚಕ್ರದ ಬ್ಯಾಗೂ ತಗೊಂಡಾಯ್ತು. ನಿಮಗೆ ಗೊತ್ತಾಗಬಾರ್ದು ಅಂತ ಪೆಟ್ಟಿಗೇಲಿ ಕಾಲರ್ ಪಟ್ಟಿ ಇಟ್ಟಿದ್ದೆ. ದಿನಾ ಅಲ್ಲಾಡಿಸ್ತೀರಲ್ಲ.”

ನಾನು ಪೆಟ್ಟಿಗೆಯನ್ನು ಮೇಜಿನ ಕೆಳಗೆ ಇಳಿಸಿದೆ. ಇಳಿಸಿದ್ದಕ್ಕೆ ಕಾರಣ ಬರೆಯಬೇಕೇ ಎಂದು ಮೇಡಂ ಕೇಳಿದರು. ಬೇಡ ಎಂದೆ.

ತೊಂದರೆ ಏನೆಂದರೆ, ಅದೇ ಯಂತ್ರಕ್ಕೆ ಇನ್ನೊಬ್ಬ ಗಿರಾಕಿ ಬಂದು ನೋಟು ಹಿಡಿದು ನಿಂತಿದ್ದ. ಅವನು ಬಿಸಾಡಿದ ಹಳೇ ಯಂತ್ರಗಳನ್ನು ತೊಳೆದು ಹೋಟೆಲುಗಳಿಗೆ ಅಲಂಕಾರಕ್ಕೆ ಮಾರುವವನಂತೆ. ಕಾರ್ಡು ನಡೆಯದಿದ್ದರೆ ಅವನಿಗೆ ಕೊಡುತ್ತೇನೆ ಎಂದು ಮುದುಕ ಬೇಸರದಿಂದಲೇ ಹೇಳಿದ್ದ. ಅಂಗಡಿ ಐದಕ್ಕೆ ಮುಚ್ಚುವುದು. ಕಾರ್ಡಿಗೆ ಬೀಗ ಹಾಕಿಸಿದವನು ನಾನು. ನನ್ನ ಮೇಜಿಗೆ ಬರಬೇಕಾದ ಯಂತ್ರದ ದಾರಿಗೆ ನಾನೇ ಅಡ್ಡ ಮಲಗಿದ್ದೆ.

ಹತ್ತಿರದ ಎಟಿಎಮ್ಮಿನಲ್ಲಿ ಅಕ್ಕನ ಮಗಳ ಕ್ರೆಡಿಟ್ ಕಾರ್ಡಿನಿಂದಾದರೂ ನೋಟು ತೆಗೆಯಿರಿ ಎಂದು ನಾನು ಹೇಳಿದೆ. ಕ್ರೆಡಿಟ್ ಕಾರ್ಡಿನಿಂದ ನೋಟು ತೆಗೆದರೆ ತೆಗೆದ ಗಳಿಗೆಯಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ, ಆ ಪಾಠ ಫ್ರಿಜ್ಜಿನಲ್ಲೇ ಮುಗಿಯಲಿಲ್ಲವೇ ಎಂದು ಹೆಂಡತಿ ಕೇಳಿದಳು. ಅಲ್ಲದೆ ಇದು ತನ್ನ ದುಡ್ಡಿನಲ್ಲಿ, ತನ್ನ ಹೆಸರಿನ ಕಾರ್ಡಿನಲ್ಲೇ ಆಗಬೇಕು ಎಂದಳು.

ನಾನು ಮೇಡಂ ಅವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿದೆ. ಈ ಸಲ ಬೇರೆ ಹುಡುಗಿ. ಬೀಗ ತೆಗೆಯುವ ಮೊದಲು ನಾನೇ ನಾನೆಂದು ಖಚಿತಪಡಿಸಿಕೊಳ್ಳಬೇಕು ಎಂದು ಕೆಲವು ಪ್ರಶ್ನೆ ಕೇಳಿದಳು. ಎಲ್ಲಕ್ಕೂ ಸರಿಯಾಗಿ ಹೇಳಿದೆ. ಹುಟ್ಟಿದ ತಾರೀಖು ಕೇಳಿದಾಗ ಅವಸರದಲ್ಲಿ ನನ್ನ ತಾಯಿ ಹೇಳಿದ ತಾರೀಖು ಹೇಳಿಬಿಟ್ಟೆ. ಅದು ಸುಗ್ಗಿ ಮುಗಿದ ಮಾರನೆಯ ದಿನ. ದಾಖಲೆಗೆ ತಾಳೆಯಾಗುತ್ತಿಲ್ಲ, ಇನ್ನೊಂದು ಸಲ ತಪ್ಪಿದರೆ ಬ್ಯಾಂಕಿಗೆ ಖುದ್ದಾಗಿ ಬರಬೇಕಾಗುತ್ತದೆ ಎಂದಳು. ನಾನು ಹುಟ್ಟಿದ್ದು ನಿಜಕ್ಕೂ ಅಂದೇ ಎಂದು ವಾದಿಸಲು ಬಾಯಿ ತೆರೆದೆ. ಹೆಡ್ ಕಾನ್‌ಸ್ಟೇಬಲ್ ಮೇಡಂ ಮೇಜು ಕುಟ್ಟಿ, ನನ್ನ ಮೊದಲ ಹೇಳಿಕೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಶಾಲೆಯ ದಾಖಲೆಯಂತೆ. ನಮ್ಮ ಮೇಷ್ಟ್ರು ತರಗತಿಗೆಲ್ಲ ಒಂದೇ ಹುಟ್ಟುಹಬ್ಬ ಹಂಚಿದ್ದರು, ಶಾಲೆ ಶುರುವಾಗುವ ತಾರೀಖು. ಅದನ್ನು ಹೇಳಿದೆ. ಸರಿಯಾಯಿತು. ಹುಡುಗಿ ಬೀಗ ತೆಗೆದಳು. ಆಗ ಒಂದು ಇಪ್ಪತ್ತು.

ಇತ್ತ ನನ್ನ ಫೋನು ಮೇಜಿನ ಮೇಲೆ ಹಾಗೇ ತೆರೆದಿತ್ತು. ನಾನು ಬ್ಯಾಂಕಿನ ಜೊತೆ ಗುದ್ದಾಡುವಾಗ ಆ ಅಂಗಡಿಯಲ್ಲಿ ನಡೆದದ್ದನ್ನು ಅಕ್ಕನ ಮಗಳು ಠಾಣೆಗೆಲ್ಲ ಕೇಳುವಂತೆ ಹೇಳಿದ್ದು ಹೀಗೆ. ಮುದುಕ ನನ್ನ ಹೆಂಡತಿಯನ್ನು, ನಿಮಗೆ ಇದು ಏತಕ್ಕೆ, ನಿಮ್ಮ ಮನೆಯಲ್ಲಿ ಬೀಗದವರು ಇದ್ದಾರೆಯೇ ಎಂದು ಕೇಳಿದ. ಹೆಂಡತಿಗೆ ಅವನ ಭಾಷೆ ಬಾರದು. ಅವಳು ಸೊಂಟದಿಂದ ಗೊಂಚಲು ಬಿಚ್ಚಿ ಅವನ ಮುಂದಿಟ್ಟಳು. ಅವನು ಕಣ್ಣಿಗೆ ಮಸೂರ ಹಾಕಿಕೊಂಡು ಒಂದೊಂದೇ ಕೈ ತಿರುಗಿಸಿ ನೋಡಿದ. ಅರದ ಗೆರೆಗಳನ್ನು ಉಗುರಿನಿಂದ ಸವರಿ ನೋಡಿದ. ಇವನ್ನು ಯಂತ್ರವಿಲ್ಲದೆ ಮಾಡಿದ್ದೇ ಎಂದು ಅಕ್ಕನ ಮಗಳನ್ನು ಎರಡು ಸಲ ಕೇಳಿದ. ಹೌದು ಎಂದಾಗ ನೋಟು ಹಿಡಿದು ನಿಂತಿದ್ದವನ ಕಡೆ ತಿರುಗಿ, ಇದು ಬೀಗದವನ ಮನೆಗೇ ಹೋಗಬೇಕಾದ ಯಂತ್ರ, ಐದು ಗಂಟೆಯವರೆಗೆ ಕಾಯುತ್ತೇನೆ, ಆಮೇಲೆ ನೋಡೋಣ ಎಂದ.

ಈ ಭಾಗವನ್ನು ಮೇಡಂ ಎರಡು ಸಲ ಓದಿ ಹೇಳಬೇಕೆಂದು ಕೇಳಿಕೊಂಡಿದ್ದೇನೆ. ಒಂದು ಸಲ ಓದಿದ್ದಾರೆ.

ಬೀಗ ತೆರೆಯಿತು ಎಂದು ನಾನು ಕೂಗಿದೆ. ಅಲ್ಲಿ ಮುದುಕ ಕಾರ್ಡಿನ ಯಂತ್ರವನ್ನು ಮುಂದೆ ಚಾಚಿದ. ಅದರ ಪರದೆಯಲ್ಲಿ, ನಮ್ಮ ದುಡ್ಡಿನಲ್ಲಿ ಕೊಡುತ್ತೀರೋ ಅಲ್ಲಿಯ ದುಡ್ಡಿನಲ್ಲಿ ಕೊಡುತ್ತೀರೋ ಎಂದು ಕೇಳಿತಂತೆ. ನಮ್ಮ ದುಡ್ಡೇ ಒತ್ತು, ನಮ್ಮದು ನಮಗೆ ಅರ್ಥವಾಗುತ್ತದೆ ಎಂದು ನಾನು ಈ ಕಡೆಯಿಂದ ಆಜ್ಞೆ ಮಾಡಿದೆ.

“ಸುಮ್ನಿರಿ ಮಾವ. ಅತ್ತೆ ಬೆಳಿಗ್ಗೆ ರೈಲಿಗೆ ಹಾಗೇ ಒತ್ತಿ ಜಾಸ್ತಿ ಕೊಟ್ರು,” ಎಂದಳು ಅಕ್ಕನ ಮಗಳು.

ಅದರ ವಿವರ ಏನೆಂದರೆ, ನಮ್ಮ ದುಡ್ಡು ಎಂದು ಒತ್ತಿದರೆ ಎಷ್ಟಕ್ಕೆಷ್ಟು ಎಂಬ ದರವನ್ನು ಆ ಅಂಗಡಿಯ ಯಂತ್ರದವರೇ ಹಾಕಿ, ತಮ್ಮ ಲಾಭವನ್ನೂ ಅದರಲ್ಲೇ ಸೇರಿಸುತ್ತಾರೆ. ಅಲ್ಲಿಯ ದುಡ್ಡು ಎಂದು ಒತ್ತಿದರೆ ನಮ್ಮ ಬ್ಯಾಂಕಿನ ದರ, ವಿದೇಶ ಬಳಕೆಯ ಶುಲ್ಕ ಸ್ವಲ್ಪ ಸೇರುತ್ತದೆ, ಆದರೂ ಸಾಮಾನ್ಯವಾಗಿ ಅದೇ ಅಗ್ಗ. ಬೆಳಿಗ್ಗೆ ಹೆಂಡತಿ ಒಂದು ಸಲ ಎಡವಿ, ಬ್ಯಾಗಿನ ಅಂಗಡಿಯಲ್ಲಿ ಸರಿಪಡಿಸಿಕೊಂಡಿದ್ದಳು. ಹೀಗಾಗಿ ನಾನು ಮೊದಲ ಹೇಳಿಕೆಯಲ್ಲಿ ಬರೆಸಿದ ಇಬ್ಬರು ಕಳ್ಳರೂ ನನ್ನ ಹೆಂಡತಿಯೇ. ಒಬ್ಬಳು ಪಾಠ ಕಲಿಯುವ ಮೊದಲಿನವಳು, ಒಬ್ಬಳು ಕಲಿತ ಮೇಲಿನವಳು.

ಅಲ್ಲಿಯ ದುಡ್ಡು ಒತ್ತಿದಳು. ಯಂತ್ರ ಕಿರ್ರೆಂದು ಚೀಟಿ ಬಿಟ್ಟದ್ದು ಠಾಣೆಗೆ ಕೇಳಿಸಿತು. ನನ್ನ ಫೋನಿಗೆ ಮೆಸೇಜು ಬಂತು. ಈ ಸಲ ಇಂಗ್ಲಿಷು ಓದಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಸಾಹೇಬರು ಎಲ್ಲರಿಗೂ ಟೀ ತರಿಸಿದರು. ಟೀ ತಂದವನು ನಮ್ಮ ಬೀದಿಯ ಟೀ ಅಂಗಡಿಯವನೇ. ಅವನು ಲೋಟವನ್ನು ಸಾಹೇಬರಿಗಿಂತ ಮೊದಲು ನನಗೇ ಕೊಟ್ಟ.

ಟೀ ಕುಡಿಯುತ್ತ ನಾನು, ಬಿಲ್ಲು ಬಂದಾಗ ಏನು ಮಾಡುವುದು ಎಂದು ಹೆಂಡತಿಯನ್ನು ಕೇಳಿದೆ. ಚಿಕ್ಕ ಮೊತ್ತ ಕಟ್ಟುವ ಮಾತು ನನ್ನ ಬಾಯಲ್ಲಿ ಬರಲಿಲ್ಲ, ಇದಕ್ಕೂ ಸಾಕ್ಷಿ ಇದೆ. ಶಾಲಾ ಸಮವಸ್ತ್ರ ಇಸ್ತ್ರಿ ಮಾಡಿದ ದುಡ್ಡನ್ನು ಈ ಯಂತ್ರಕ್ಕೆಂದೇ ಖಾತೆಯಲ್ಲಿಟ್ಟಿದ್ದೇನೆ, ಬಿಲ್ಲು ಬಂದ ದಿನವೇ ಪೂರ್ತಿ ಹೋಗುತ್ತದೆ, ಬಡ್ಡಿ ಒಂದು ಬಿಡಿಗಾಸೂ ಬೀಳುವುದಿಲ್ಲ ಎಂದಳು. ಹೇಳಿಕೆಗೆ ಬೇಕಿಲ್ಲದ ಇನ್ನೊಂದು ಮಾತನ್ನೂ ಕೇಳಿದೆ. ಎಷ್ಟು ದಿನದಿಂದ ಕೂಡಿಡುತ್ತಿದ್ದೀಯ ಎಂದು.

“ನೀವು ಆ ಹಾಳೆ ಒರೆಸೋದು ನೋಡಿದ ದಿನದಿಂದ,” ಎಂದಳು.

ಇನ್ನು ಉಳಿದಿರುವುದು ಸಾಕ್ಷ್ಯದ ಪ್ರಶ್ನೆ. ಕಡತ ಮುಚ್ಚಬೇಕಾದರೆ ಪೆಟ್ಟಿಗೆ ತೆರೆಯಲು ಬಳಸಿದ ಎರಡನೆಯ ಕೀಲಿಕೈಯನ್ನು ಹಾಜರುಪಡಿಸಬೇಕು ಎಂದು ಹೆಡ್ ಕಾನ್‌ಸ್ಟೇಬಲ್ ಮೇಡಂ ಹೇಳಿದ್ದಾರೆ. ಅದನ್ನು ಹಾಜರುಪಡಿಸಲು ನನ್ನಿಂದ ಆಗುವುದಿಲ್ಲ. ಯಂತ್ರವನ್ನು ಬ್ಯಾಗಿಗೆ ಹಾಕಿದ ಮೇಲೆ ಮುದುಕ ಹಲ್ಲು ಕೊರೆಯದ ಖಾಲಿ ಕೈಗಳ ಡಬ್ಬವೊಂದನ್ನು ದುಡ್ಡಿಲ್ಲದೆ ಕೊಟ್ಟ. ಬದಲಿಗೆ ಗೊಂಚಲಿನಿಂದ ಒಂದು ಕೈ ತನ್ನ ನೆನಪಿಗೆ ಬೇಕೆಂದು ಕೇಳಿದ. ಯಾವುದು ಬೇಕಾದರೂ ಆರಿಸಿಕೊಳ್ಳಿ ಎಂದು ಹೆಂಡತಿ ಹೇಳಿದಳು. ಅವನು ಎಲ್ಲವನ್ನೂ ಮತ್ತೊಮ್ಮೆ ನೋಡಿ ಆರಿಸಿದ್ದು ಸದರಿ ಪೆಟ್ಟಿಗೆಯ ಕೈಯನ್ನೇ. ಇಷ್ಟು ಸಣ್ಣ ಹಲ್ಲು ಕೈಯಲ್ಲಿ ಕೊರೆದದ್ದನ್ನು ತಾನು ಕಂಡಿಲ್ಲ ಎಂದನಂತೆ. ಖಾಲಿಯಾದ ಅಂಗಡಿಯ ಗೋಡೆಯಲ್ಲಿ ಉಳಿದಿದ್ದ ಒಂದೇ ಮೊಳೆಗೆ ಅದನ್ನು ನೇತುಹಾಕಿ ದೀಪ ಆರಿಸಿದ.

ಆದ್ದರಿಂದ ಸದರಿ ಸಾಕ್ಷ್ಯದ ಬದಲಿಗೆ, ನಾಳೆ ಬರುವ ಯಂತ್ರದಲ್ಲಿ ನಾನು ಕೊರೆಯುವ ಮೊಟ್ಟಮೊದಲ ಕೈಯನ್ನು ಠಾಣೆಗೆ ತಂದು ತೋರಿಸುತ್ತೇನೆ. ಅದು ಅದೇ ಪೆಟ್ಟಿಗೆಯ ಕೈ. ತೋರಿಸಿದ ನಂತರ ವಾಪಸು ಕೊಡಬೇಕು, ಅದು ಹೆಂಡತಿಯ ಗೊಂಚಲಿಗೆ ಸೇರಬೇಕಾದದ್ದು. ನನ್ನ ಕೊರಳಿನ ಕೈಯನ್ನೂ ಅವಳಿಗೇ ಕೊಡುತ್ತೇನೆ. ಪೆಟ್ಟಿಗೆಯಲ್ಲಿ ಇನ್ನು ಮುಂದೆ ನನ್ನ ಜೇಬಿನ ಕಾರ್ಡು ಇರುತ್ತದೆ. ಬೇಕೆನಿಸಿದಾಗ ಅವಳನ್ನು ಕೇಳಿ ತೆಗೆಸಿಕೊಳ್ಳುತ್ತೇನೆ. ಬೆಳಿಗ್ಗೆ ಅಲ್ಲಾಡಿಸಲು ಮಾತ್ರ ನನಗೆ ಹಕ್ಕಿರಲಿ ಎಂದು ಕೋರುತ್ತೇನೆ.

ಮೊದಲ ಹೇಳಿಕೆಯ ದೂರನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಒಂಬತ್ತು ಗಂಟೆಗೆ ಚಕ್ರದ ಬ್ಯಾಗು ಎಳೆದುಕೊಂಡು, ಸೊಂಟದಲ್ಲಿ ಗೊಂಚಲು ಸದ್ದು ಮಾಡುತ್ತ ಬರುವ ಹೆಣ್ಣುಮಗಳನ್ನು ಯಾರೂ ತಡೆಯಬಾರದು, ಬ್ಯಾಗು ಹೊರಲು ಗಂಡ ಹೊರಗೆ ನಿಂತಿರುತ್ತಾನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಯಾರ ಒತ್ತಾಯವೂ ಇಲ್ಲದೆ, ಟೀ ಕುಡಿದು ನೆಮ್ಮದಿಯಾಗಿ ಹೇಳಿದ್ದೇನೆ. ಇದರಲ್ಲಿರುವುದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ, ಬೀಗದ ಬಗ್ಗೆ ಹೇಳಿದ್ದು ಎಲ್ಲರಿಗೂ ತಿಳಿದ ಮಟ್ಟಿಗೆ ಸತ್ಯ.

ಸ್ಥಳ: ಠಾಣೆ, ಕಿಟಕಿಯ ಪಕ್ಕದ ಮೇಜು
ದಿನಾಂಕ: ಈ ತಿಂಗಳ ಹದಿನೇಳು, ಹೆಂಡತಿ ಬರುವ ಹಿಂದಿನ ದಿನ
ಸಹಿ: ಬೀಗದ ಮಾವ

ನನ್ನ ಸಮಕ್ಷಮ ಬರೆದುಕೊಳ್ಳಲಾಗಿದೆ: ಹೆಡ್ ಕಾನ್‌ಸ್ಟೇಬಲ್
(ಕಾಲರ್ ಪಟ್ಟಿ ಒಂದು, ಮಾಲೀಕರಿಗೆ ಹಿಂದಿರುಗಿಸಲಾಗಿದೆ.)